ಲ್ಯಾಪ್‌ಟಾಪ್ ಪ್ರೊಸೆಸರ್ ಬದಲಿಸುವುದು ಹೇಗೆ? ಕೆಡಿಸಿ ಕಲಿತ ಒಂದು ಪಾಠ



ಹೋದ ತಿಂಗಳ 8ನೇ ತಾರೀಕು ರಾತ್ರಿ ನಾನು ನಮ್ಮ ಆಪಾಳ ಲ್ಯಾಪ್‌ಟಾಪ್ ಕೆಡಿಸಿದೆ. ಈ ಲೇಖನ ಅಲ್ಲಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ನನಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ನೀವು ತಿಳಿದುಕೊಳ್ಳುತ್ತೀರಿ.

ಆಪಾ ಬಿ.ಕಾಂ. ಮುಗಿಸಿ ಮನೆಯಲ್ಲೇ ಕುಳಿತು ಮೂರು ಅಂಗಡಿಗಳ ಬಿಲ್‌ಗಳನ್ನು ಟ್ಯಾಲಿಯಲ್ಲಿ ಎಂಟ್ರಿ ಮಾಡುತ್ತಾಳೆ. ಅವಳ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಡೆಲ್ ಲ್ಯಾಟಿಟ್ಯೂಡ್ ಇ6420. ಆ ದುಡಿಮೆಯಿಂದಲೇ ಕಂತು ಕಟ್ಟಿ ತೆಗೆದುಕೊಂಡದ್ದು. ಪ್ರತಿ ತಿಂಗಳು 11ನೇ ತಾರೀಕಿನೊಳಗೆ ಜಿಎಸ್‌ಟಿಆರ್-1 ಸಲ್ಲಿಸಬೇಕಾದ್ದರಿಂದ ಅದರ ಹಿಂದಿನ ಮೂರು ನಾಲ್ಕು ದಿನ ಅವಳಿಗೆ ಉಸಿರಾಡಲೂ ಬಿಡುವಿಲ್ಲ. ಅಂಥ ದಿನಗಳಲ್ಲೇ ಲ್ಯಾಪ್‌ಟಾಪ್ ಕಾದ ಕಾವಲಿಯಂತೆ ಬಿಸಿಯಾಗಿ ತಾನಾಗಿ ಆಫ್ ಆಗಲು ಶುರುವಾಯಿತು. "ಒಳಗೆ ಧೂಳು ಇರಬೇಕು, ನಾನು ಕ್ಲೀನ್ ಮಾಡಿ ಕೊಡುತ್ತೇನೆ" ಎಂದು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಮಲಗಿದ ಮೇಲೆ, ಒಂದೇ ಒಂದು ವಿಡಿಯೋ ನೋಡಿದ ಧೈರ್ಯದಲ್ಲಿ, ಬಿಚ್ಚಿಬಿಟ್ಟೆ.

ಧೂಳು ತೆಗೆದೆ. ಒಣಗಿದ ಪೇಸ್ಟ್ ಒರೆಸಿದೆ. ಹೊಸ ಪೇಸ್ಟ್ ಹಚ್ಚಿ ಹೀಟ್‌ಸಿಂಕ್ ಕೂರಿಸಿ ಒಂದು ಮೂಲೆಯ ಸ್ಕ್ರೂವನ್ನು ಮೊದಲು ಪೂರ್ತಿ ಬಿಗಿದೆ. ಆಮೇಲೆ ಉಳಿದವನ್ನು ಬಿಗಿದೆ. ಪವರ್ ಬಟನ್ ಒತ್ತಿದಾಗ ಲೈಟ್ ಬಂತು, ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಕಪ್ಪಗೇ ಉಳಿಯಿತು. ಬೆಳಿಗ್ಗೆ ಆಪಾ ಕೇಳಿದಾಗ "ತಾನಾಗಿ ನಿಂತುಹೋಗಿದೆ" ಎಂದೆ.

ನಮ್ಮ ಮಾಮೂಗೆ ತುಮಕೂರಿನಲ್ಲಿ ಚಿಕ್ಕದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅವರಿಗೂ ಅದೇ ಸುಳ್ಳು ತಲುಪಿತು. ತಾನಾಗಿ ನಿಂತಿದೆ ಎಂದ ಮೇಲೆ ಅವರು RAM ಬದಲಿಸಿ ನೋಡಿದರು, ಡಿಸ್‌ಪ್ಲೇ ಕೇಬಲ್ ನೋಡಿದರು, ಹೊರಗಿನ ಮಾನಿಟರ್ ಹಾಕಿ ನೋಡಿದರು. ಗಿರಾಕಿಗಳು ಕಾಯುತ್ತಿರುವಾಗ ಒಂದು ಗಂಟೆ ಹಾಳಾಯಿತು. ಕೊನೆಗೆ ಹೀಟ್‌ಸಿಂಕ್ ತೆಗೆದು ಭೂತಗನ್ನಡಿ ಹಿಡಿದರು. ಪ್ರೊಸೆಸರ್‌ನ ನಡುವಿನ ಹೊಳೆಯುವ ಚೌಕದ ಒಂದು ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕ ಚಕ್ಕೆ ಎದ್ದಿತ್ತು. ಪೇಸ್ಟ್ ಹೊಸದಾಗಿತ್ತು. ಮಾಮೂ ನನ್ನ ಮುಖ ನೋಡಿದರು. ನಾನು ನಿಜ ಹೇಳಿದೆ.

ಅವರು ಬೈಯಲಿಲ್ಲ. "ಮೊದಲೇ ಹೇಳಿದ್ದರೆ ಐದು ನಿಮಿಷದ ಕೆಲಸ. ಡಾಕ್ಟರಿಗೂ ರಿಪೇರಿಯವನಿಗೂ ಸುಳ್ಳು ಹೇಳಬಾರದು ಬೇಟಾ" ಎಂದರು. ಆಮೇಲೆ, "ಕೆಡಿಸಿದವಳು ನೀನು, ಹೊಸದನ್ನು ಹಾಕುವವಳೂ ನೀನೇ" ಎಂದರು. ಅವರು ಕಲಿಸಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ಪ್ರೊಸೆಸರ್ ಎಂದರೆ ಯಾವುದು?

ಕಾಮರ್ಸ್ ವಿದ್ಯಾರ್ಥಿಗಳಿಗೆ ಅರ್ಥವಾಗುವಂತೆ ಹೇಳುವುದಾದರೆ ಕಂಪ್ಯೂಟರ್ ಒಂದು ಅಂಗಡಿ. ಪ್ರೊಸೆಸರ್ ಅಲ್ಲಿ ಲೆಕ್ಕ ಮಾಡುವ ಗುಮಾಸ್ತ. RAM ಎಂದರೆ ಅವನ ಮುಂದಿನ ಮೇಜು. ಹಾರ್ಡ್ ಡಿಸ್ಕ್ ಅಥವಾ SSD ಎಂದರೆ ಲೆಕ್ಕದ ಪುಸ್ತಕಗಳನ್ನು ಇಡುವ ಬೀರು. ಹಾಗಾಗಿ ಗುಮಾಸ್ತ ಬದಲಾದರೂ ಬೀರುವಿನಲ್ಲಿರುವ ಪುಸ್ತಕಗಳು ಹಾಗೇ ಇರುತ್ತವೆ. ಆಪಾ ಅಳುವುದನ್ನು ನಿಲ್ಲಿಸಿದ್ದು ಈ ಮಾತು ಕೇಳಿದಾಗ. ಮಾಮೂ ಡಿಸ್ಕ್ ತೆಗೆದು ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಅಂಗಡಿಯ ಕಂಪ್ಯೂಟರ್‌ಗೆ ಜೋಡಿಸಿದರು. ಟ್ಯಾಲಿ ಡೇಟಾ ಪೂರ್ತಿ ಇತ್ತು. ಆಪಾ ಎರಡು ದಿನ ಅಲ್ಲೇ ಕುಳಿತು ಕೆಲಸ ಮುಗಿಸಿದಳು. ಆದರೂ ಯಾವುದೇ ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಬ್ಯಾಕಪ್ ತೆಗೆದಿಡಬೇಕು. ನನಗೆ ಅದೃಷ್ಟವಿತ್ತು, ಬ್ಯಾಕಪ್ ಇರಲಿಲ್ಲ.

ಲ್ಯಾಪ್‌ಟಾಪ್‌ನ ಪ್ರೊಸೆಸರ್‌ಗೂ ಡೆಸ್ಕ್‌ಟಾಪ್‌ನದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಮೇಲೆ ಲೋಹದ ಮುಚ್ಚಳ ಇರುತ್ತದೆ. ಲ್ಯಾಪ್‌ಟಾಪ್‌ನದಕ್ಕೆ ಆ ಮುಚ್ಚಳ ಇಲ್ಲ. ಹಸಿರು ತಟ್ಟೆಯ ನಡುವೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ತುಂಡು ಬರಿಮೈಯಲ್ಲಿ ಕುಳಿತಿರುತ್ತದೆ. ಅದಕ್ಕೆ ಡೈ ಎನ್ನುತ್ತಾರೆ. ಅದರ ಮೇಲೆ ತೆಳುವಾಗಿ ಥರ್ಮಲ್ ಪೇಸ್ಟ್, ಪೇಸ್ಟ್ ಮೇಲೆ ತಾಮ್ರದ ಹೀಟ್‌ಸಿಂಕ್. ಸಿಲಿಕಾನ್ ಗಾಜಿನ ಹಾಗೆ. ಸಮನಾಗಿ ಒತ್ತಿದರೆ ತಡೆದುಕೊಳ್ಳುತ್ತದೆ, ಒಂದು ಮೂಲೆಗೆ ಭಾರ ಬಿದ್ದರೆ ಚಕ್ಕೆ ಏಳುತ್ತದೆ. ನಾನು ಮಾಡಿದ್ದು ಅದನ್ನೇ.

2. ಮೊದಲ ಪ್ರಶ್ನೆ: ಅದು ತೆಗೆಯಲು ಬರುತ್ತದೆಯೇ?

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಈಗಿನ ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಉತ್ತರ "ಬರುವುದಿಲ್ಲ" ಎಂಬುದೇ.

ಪ್ರೊಸೆಸರ್‌ಗಳಲ್ಲಿ ಎರಡು ರೀತಿ ಇವೆ. ಒಂದರಲ್ಲಿ ಕೆಳಗೆ ನೂರಾರು ಸಣ್ಣ ಪಿನ್‌ಗಳಿದ್ದು, ಮದರ್‌ಬೋರ್ಡ್ ಮೇಲಿನ ಸಾಕೆಟ್‌ನ ತೂತುಗಳಲ್ಲಿ ಕೂರುತ್ತವೆ. ಇದನ್ನು PGA ಎನ್ನುತ್ತಾರೆ. ಇನ್ನೊಂದರಲ್ಲಿ ಪಿನ್ ಬದಲು ಬೆಸುಗೆಯ ಸಣ್ಣ ಗುಂಡುಗಳಿದ್ದು, ಕಾರ್ಖಾನೆಯಲ್ಲೇ ಬೋರ್ಡ್‌ಗೆ ಬೆಸೆದಿರುತ್ತಾರೆ. ಇದು BGA. ಬೆಸೆದದ್ದನ್ನು ತೆಗೆಯಲು ಬಿಸಿ ಗಾಳಿಯ ರೀವರ್ಕ್ ಮೆಷಿನ್ ಬೇಕು, ವರ್ಷಗಳ ಅನುಭವ ಬೇಕು. ಮನೆಯಲ್ಲಿ ಅದರ ಆಸೆಯನ್ನೇ ಬಿಡಬೇಕು.

ಇಂಟೆಲ್ ಕಂಪನಿಯ ಕೋರ್ ಐ ಸರಣಿಯಲ್ಲಿ ಲ್ಯಾಪ್‌ಟಾಪ್‌ನ ಸಾಕೆಟ್ ಇದ್ದದ್ದು ಒಂದರಿಂದ ನಾಲ್ಕನೇ ತಲೆಮಾರಿನವರೆಗೆ. ಐದನೇ ತಲೆಮಾರಿನಿಂದ ಈಚೆಗೆ, ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿದ ಬೆರಳೆಣಿಕೆಯ ದಪ್ಪ ಮಾದರಿಗಳನ್ನು ಬಿಟ್ಟರೆ, ಎಲ್ಲವೂ ಬೆಸೆದವು. ಹಳೆಯದರಲ್ಲೂ ಹೆಸರಿನ ಕೊನೆಯ ಅಕ್ಷರ ನೋಡಬೇಕು. U ಇದ್ದರೆ ಬೆಸೆದದ್ದು. M ಇದ್ದರೆ ಸಾಕೆಟ್ ಇರುವ ಸಾಧ್ಯತೆ ಹೆಚ್ಚು. ನಾಲ್ಕನೇ ತಲೆಮಾರಿನಲ್ಲಿ MQ ಎಂದರೆ ಸಾಕೆಟ್, HQ ಎಂದರೆ ಬೆಸೆದದ್ದು. "ಸಾಧ್ಯತೆ" ಎಂದು ಯಾಕೆ ಹೇಳಿದೆ ಎಂದರೆ, ಎರಡನೇ ತಲೆಮಾರಿನ ಕೆಲವು M ಪ್ರೊಸೆಸರ್‌ಗಳು ಒಂದೇ ಹೆಸರಿನಲ್ಲಿ ಎರಡೂ ರೀತಿಯಲ್ಲಿ ಬಂದಿವೆ.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ "ಸಾಕೆಟ್ಸ್: 1" ಎಂದು ತೋರಿಸುತ್ತದೆ. ಅದನ್ನು ನೋಡಿ ನನ್ನ ಗೆಳತಿಯೊಬ್ಬಳು ತನ್ನ ಹೊಸ ತೆಳು ಲ್ಯಾಪ್‌ಟಾಪ್‌ನಲ್ಲೂ ಸಾಕೆಟ್ ಇದೆ ಎಂದುಕೊಂಡಿದ್ದಳು. ಅದು ಪ್ರೊಸೆಸರ್ ಎಷ್ಟಿವೆ ಎಂಬ ಲೆಕ್ಕ ಅಷ್ಟೇ, ಬೆಸೆದದ್ದಕ್ಕೂ ಹಾಗೆಯೇ ತೋರಿಸುತ್ತದೆ. ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂನಲ್ಲಿ "ಪ್ಯಾಕೇಜ್" ಎಂಬ ಸಾಲು ನೋಡಿ. ಅದಕ್ಕಿಂತ ಖಚಿತವಾದದ್ದು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್. ಪ್ರೊಸೆಸರ್ ತೆಗೆಯುವ ಬಗ್ಗೆ ಅದರಲ್ಲಿ ಬೇರೆಯೇ ಪಾಠ ಇದ್ದರೆ ತೆಗೆಯಲು ಬರುತ್ತದೆ. "ಸಿಸ್ಟಂ ಬೋರ್ಡ್ ಬದಲಿಸಿ" ಎಂದಷ್ಟೇ ಇದ್ದರೆ ಮುಚ್ಚಿಡಿ.

3. ಎರಡನೇ ಪ್ರಶ್ನೆ: ಯಾವುದು ಹೊಂದುತ್ತದೆ?

ನಾಲ್ಕು ವಿಷಯ ನೋಡಬೇಕು.

ಒಂದು, ಸಾಕೆಟ್. ನಮ್ಮ ಲ್ಯಾಪ್‌ಟಾಪ್‌ನದು ಎರಡನೇ ತಲೆಮಾರಿನ ಜಿ2 ಸಾಕೆಟ್. ಮೊದಲನೇ ತಲೆಮಾರಿನ ಜಿ1 ನೋಡಲು ಹಾಗೆಯೇ ಇದ್ದರೂ ಅದರ ಪ್ರೊಸೆಸರ್ ಇಲ್ಲಿ ನಡೆಯುವುದಿಲ್ಲ.

ಎರಡು, ಬಯೋಸ್. ಮೂರನೇ ತಲೆಮಾರಿನ ಪ್ರೊಸೆಸರ್‌ಗಳೂ ಜಿ2 ಸಾಕೆಟ್‌ನವೇ. ಆದರೆ ಲ್ಯಾಪ್‌ಟಾಪ್‌ನ ಬಯೋಸ್‌ಗೆ ಅದರ ಗುರುತು ಇಲ್ಲದಿದ್ದರೆ ಸ್ಕ್ರೀನ್ ಬರುವುದಿಲ್ಲ. ಸಾಕೆಟ್ ಎಂದರೆ ಬಾಗಿಲು, ಬಯೋಸ್ ಎಂದರೆ ಹಾಜರಿ ಪುಸ್ತಕ. ಬಾಗಿಲಲ್ಲಿ ಹಿಡಿಸಿದರೆ ಸಾಲದು, ಪುಸ್ತಕದಲ್ಲಿ ಹೆಸರೂ ಇರಬೇಕು. ನಿಮ್ಮದೇ ಮಾದರಿ ಅಂಗಡಿಗೆ ಬಂದಾಗ ಯಾವ ಯಾವ ಪ್ರೊಸೆಸರ್‌ಗಳೊಂದಿಗೆ ಮಾರಾಟವಾಗಿತ್ತೋ ಅವುಗಳಲ್ಲೇ ಒಂದನ್ನು ಆರಿಸುವುದು ಕ್ಷೇಮ. ಸಾಧ್ಯವಾದರೆ ಹಳೆಯ ಪ್ರೊಸೆಸರ್ ಕೆಲಸ ಮಾಡುತ್ತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ.

ಮೂರು, ವ್ಯಾಟ್. ನಮ್ಮಲ್ಲಿದ್ದ ಕೋರ್ ಐ3-2330M 35 ವ್ಯಾಟ್‌ನದು. ಮಾಮೂ ಆರಿಸಿದ ಕೋರ್ ಐ5-2520M ಕೂಡ 35 ವ್ಯಾಟ್. ಎರಡರಲ್ಲೂ ಎರಡೇ ಕೋರ್. ಆದರೆ ಐ3 ಯಾವಾಗಲೂ 2.2 ಗಿಗಾಹರ್ಟ್ಸ್ ದಾಟುವುದಿಲ್ಲ. ಐ5 2.5ರಲ್ಲಿ ನಡೆದು, ಕೆಲಸ ಬಿದ್ದಾಗ 3.2ರವರೆಗೆ ಏರುತ್ತದೆ. "ನಾಲ್ಕು ಕೋರ್‌ನ ಐ7 ಹಾಕೋಣ" ಎಂದೆ. ಅದು 45 ವ್ಯಾಟ್, ನಮ್ಮ ಹೀಟ್‌ಸಿಂಕ್‌ಗೆ ಅಷ್ಟು ಶಾಖ ಹೊರುವ ತಾಕತ್ತು ಬೇಕಲ್ಲ ಎಂದರು. ಮೊದಲೇ ಬಿಸಿಯಾಗಿ ನಿಲ್ಲುತ್ತಿದ್ದ ಲ್ಯಾಪ್‌ಟಾಪ್‌ಗೆ ಇನ್ನೂ ಬಿಸಿಯಾಗುವ ಪ್ರೊಸೆಸರ್ ಹಾಕುವುದು ಬುದ್ಧಿವಂತಿಕೆಯಲ್ಲ.

ನಾಲ್ಕು, ಅಗತ್ಯ. ಪ್ರೊಸೆಸರ್ ಕೆಟ್ಟಿಲ್ಲ, ಲ್ಯಾಪ್‌ಟಾಪ್ ನಿಧಾನ ಅಷ್ಟೇ ಎಂದರೆ ಇದಕ್ಕೆ ಕೈ ಹಾಕಬೇಡಿ. ಮೊದಲು ಹಾರ್ಡ್ ಡಿಸ್ಕ್ ತೆಗೆದು SSD ಹಾಕಿ, RAM ಕಡಿಮೆ ಇದ್ದರೆ ಹೆಚ್ಚಿಸಿ. ಟ್ಯಾಲಿ, ಎಕ್ಸೆಲ್‌ನಂಥ ಕೆಲಸಕ್ಕೆ ಅದರಿಂದ ಕಾಣುವ ವ್ಯತ್ಯಾಸ ಪ್ರೊಸೆಸರ್‌ನಿಂದ ಕಾಣುವುದಿಲ್ಲ. ಅಪಾಯವೂ ಕಡಿಮೆ.

4. ಸಿದ್ಧತೆ

ಮಾಮೂ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಸಾಮಾನು ತರಲು ಹೋದಾಗ ಹಳೆಯ ಐ5 ತಂದರು. ಅದು ಬರುವವರೆಗೆ ಅಂಗಡಿಯಲ್ಲಿ ಬಿದ್ದಿದ್ದ ಸತ್ತ ಮದರ್‌ಬೋರ್ಡ್ ಮತ್ತು ಸತ್ತ ಪ್ರೊಸೆಸರ್ ಕೊಟ್ಟು, "ಹತ್ತು ಸಲ ತೆಗೆದು ಹಾಕು" ಎಂದರು. ನಿಮಗೂ ಇದೇ ಸಲಹೆ. ಗುಜರಿಯ ಬೋರ್ಡ್ ಮೇಲೆ ಕೈ ಪಳಗಿಸಿಕೊಳ್ಳಿ. ಅಲ್ಲಿ ಪಿನ್ ಬಗ್ಗಿದರೆ ಯಾರಿಗೂ ನಷ್ಟವಿಲ್ಲ.

ಬೇಕಾಗುವ ಸಾಮಾನು ಇಷ್ಟೇ: ಸ್ಕ್ರೂಗೆ ಸರಿಹೊಂದುವ ಸ್ಟಾರ್ ಸ್ಕ್ರೂ ಡ್ರೈವರ್, ಒಂದು ಚಪ್ಪಟೆ ಸ್ಕ್ರೂ ಡ್ರೈವರ್, ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಥರ್ಮಲ್ ಪೇಸ್ಟ್, ಒಳ್ಳೆಯ ಬೆಳಕು. ಅತ್ತರು, ನೈಲ್ ಪಾಲಿಶ್ ರಿಮೂವರ್, ನೀರು ಇವುಗಳಿಂದ ಒರೆಸಬೇಡಿ.

ಮೊದಲು ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಆಗಬೇಕು. ಸ್ಲೀಪ್ ಸಾಲದು. ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಬ್ಯಾಟರಿ ಒಳಗೇ ಇರುವ ಮಾದರಿಯಾದರೆ ಮುಚ್ಚಳ ತೆಗೆದ ಕೂಡಲೇ ಮೊದಲು ಅದರ ಕನೆಕ್ಟರ್ ಬಿಡಿಸಿ. ಬ್ಯಾಟರಿಯನ್ನು ಚುಚ್ಚಬೇಡಿ, ಬಗ್ಗಿಸಬೇಡಿ.

ಇನ್ನೊಂದು ವಿಷಯ ನಮ್ಮ ಹುಡುಗಿಯರಿಗೆ ಮುಖ್ಯ. ಆ ದಿನ ನಾನು ಜಾರ್ಜೆಟ್ ದುಪಟ್ಟಾ ಹಾಕಿದ್ದೆ. ಮಾಮೂ ನೋಡಿದ ತಕ್ಷಣ "ಇದನ್ನು ಬದಲಿಸಿ ಬಾ" ಎಂದರು. ಸಿಂಥೆಟಿಕ್ ಬಟ್ಟೆ ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಕತ್ತಲೆಯಲ್ಲಿ ಬಟ್ಟೆ ಕಳಚುವಾಗ ಚಟಚಟ ಎನ್ನುವುದು ಅದೇ. ನಮಗೆ ಗೊತ್ತೂ ಆಗದಷ್ಟು ಸಣ್ಣ ಕಿಡಿ ಚಿಪ್ ಸುಡಲು ಸಾಕು. ಮಾಮಿಯ ಹತ್ತಿಯ ದುಪಟ್ಟಾ ತೆಗೆದುಕೊಂಡು ತುದಿಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡೆ. ಜಮಖಾನೆ, ಹಾಸಿಗೆ ಬಿಟ್ಟು ಮರದ ಮೇಜಿನ ಮೇಲೆ ಕೆಲಸ ಮಾಡಿ. ಆಂಟಿಸ್ಟಾಟಿಕ್ ಪಟ್ಟಿ ಇದ್ದರೆ ಮಣಿಕಟ್ಟಿಗೆ ಕಟ್ಟಿ ಅರ್ಥ್‌ಗೆ ಸೇರಿಸಿ. ಇಲ್ಲದಿದ್ದರೆ ಬಣ್ಣವಿಲ್ಲದ ಲೋಹದ ಕಿಟಕಿ ಸರಳನ್ನು ಆಗಾಗ ಮುಟ್ಟುತ್ತಿರಿ.

5. ತೆಗೆಯುವ ಕ್ರಮ

ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಬರೆದುಕೊಳ್ಳಿ. ಬಿಚ್ಚಿದ ಸ್ಕ್ರೂವನ್ನು ಅದೇ ಜಾಗದಲ್ಲಿ ರಟ್ಟಿಗೆ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಒಳಗಿನ ಬೋರ್ಡ್‌ಗೆ ತಾಗುತ್ತದೆ. ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ.

ನಮ್ಮ ಮಾದರಿಯಲ್ಲಿ ತಳದ ಮುಚ್ಚಳ ತೆಗೆದರೆ ಹೀಟ್‌ಸಿಂಕ್ ಎದುರಿಗೇ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ಕೀಬೋರ್ಡ್, ಮೇಲಿನ ಹೊದಿಕೆ, ಮದರ್‌ಬೋರ್ಡ್ ಎಲ್ಲ ತೆಗೆಯಬೇಕಾಗುತ್ತದೆ. ಫ್ಯಾನ್‌ನ ವೈರ್ ಅಡ್ಡ ಬಂದರೆ ವೈರ್ ಎಳೆಯದೆ ಕನೆಕ್ಟರ್ ಹಿಡಿದು ಬಿಡಿಸಿ.

ಬಹುತೇಕ ಹೀಟ್‌ಸಿಂಕ್‌ಗಳ ಮೇಲೆ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಕೊರೆದಿರುತ್ತದೆ. ಬಿಗಿಯುವಾಗ ಆ ಕ್ರಮ, ಸಡಿಲಿಸುವಾಗ ಅದರ ಉಲ್ಟಾ ಕ್ರಮ. ಒಂದನ್ನೇ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ಸರದಿಯಂತೆ ಸಡಿಲಿಸಿ. ಕೆಲವು ಸ್ಕ್ರೂಗಳು ಹೀಟ್‌ಸಿಂಕ್‌ಗೇ ಅಂಟಿಕೊಂಡಿರುತ್ತವೆ, ಹೊರಗೆ ಬರುವುದಿಲ್ಲ. ಅವನ್ನು ಎಳೆಯಬೇಡಿ.

ಹೀಟ್‌ಸಿಂಕ್ ಏಳದಿದ್ದರೆ ಒಣಗಿದ ಪೇಸ್ಟ್ ಹಿಡಿದುಕೊಂಡಿದೆ ಎಂದರ್ಥ. ಲ್ಯಾಪ್‌ಟಾಪ್ ಚಾಲೂ ಆಗುವ ಸ್ಥಿತಿಯಲ್ಲಿದ್ದರೆ, ಎಲ್ಲ ಮರಳಿ ಜೋಡಿಸಿ ಐದು ನಿಮಿಷ ಓಡಿಸಿ, ಆಫ್ ಮಾಡಿ, ಬ್ಯಾಟರಿ ತೆಗೆದು ಮತ್ತೆ ಪ್ರಯತ್ನಿಸಿ. ಪೇಸ್ಟ್ ಬೆಚ್ಚಗಾಗಿ ಮೆದುವಾಗುತ್ತದೆ. ಇಲ್ಲವೇ ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ಅಲುಗಾಡಿಸಿ. ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ.

ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಡೈ ಮೇಲಿನ ಹಳೆಯ ಪೇಸ್ಟ್ ಒರೆಸಿ. ಈಗ ಸಾಕೆಟ್‌ನ ಅಂಚಿನಲ್ಲಿ ಚಪ್ಪಟೆ ಗೀರು ಇರುವ ದಪ್ಪ ಸ್ಕ್ರೂ ಒಂದು ಕಾಣುತ್ತದೆ. ಅದು ಸ್ಕ್ರೂವಲ್ಲ, ಬೀಗ. ಪಕ್ಕದಲ್ಲೇ ತೆರೆದ ಬೀಗ, ಮುಚ್ಚಿದ ಬೀಗದ ಗುರುತು ಇರುತ್ತದೆ. ಚಪ್ಪಟೆ ಸ್ಕ್ರೂ ಡ್ರೈವರ್‌ನಿಂದ ತೆರೆದ ಬೀಗದ ಕಡೆಗೆ, ಅದು ತಾನಾಗಿ ನಿಲ್ಲುವವರೆಗೆ ತಿರುಗಿಸಿ. ನಿಂತ ಮೇಲೆ ಇನ್ನೂ ತಿರುಗಿಸಲು ಹೋಗಬೇಡಿ.

ಬೀಗ ತೆರೆದರೆ ಪಿನ್‌ಗಳ ಮೇಲಿನ ಹಿಡಿತ ಪೂರ್ತಿ ಬಿಟ್ಟುಹೋಗುತ್ತದೆ. ಎರಡು ಬೆರಳುಗಳಿಂದ ಹಸಿರು ತಟ್ಟೆಯ ಅಂಚು ಹಿಡಿದು ನೇರ ಮೇಲಕ್ಕೆ ಎತ್ತಿ. ಓರೆಯಾಗಿ ಎತ್ತಿದರೆ ಕೊನೆಯ ಸಾಲಿನ ಪಿನ್‌ಗಳು ಬಗ್ಗುತ್ತವೆ. ಪಿನ್ ಮುಟ್ಟಬೇಡಿ. ಮೇಜಿನ ಮೇಲೆ ಹಾಗೇ ಇಡಬೇಡಿ, ಅದರದೇ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

6. ಕೂರಿಸುವ ಕ್ರಮ

ಹಳೆಯ ಮಾಲು ತಂದಿದ್ದರೆ ಮೊದಲು ಪಿನ್‌ಗಳನ್ನು ನೋಡಿ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಸಾಲು ಸಾಲಾಗಿ, ಎರಡು ದಿಕ್ಕಿನಿಂದ ನೋಡಬೇಕು. ಎಲ್ಲ ಸಾಲೂ ನೇರ ಗೆರೆಯಂತೆ ಕಾಣಬೇಕು. ನಮ್ಮ ಐ5ನಲ್ಲಿ ಒಂದು ಪಿನ್ ಸ್ವಲ್ಪ ವಾಲಿತ್ತು. ಮಾಮೂ ಸೀಸದ ಕಡ್ಡಿ ಹಾಕುವ ಪೆನ್ಸಿಲ್ ತೆಗೆದು, ಕಡ್ಡಿ ಖಾಲಿ ಮಾಡಿ, ಅದರ ಲೋಹದ ತುದಿಯೊಳಗೆ ಪಿನ್ ಹೋಗುವಂತೆ ಹಿಡಿದು ನಿಧಾನಕ್ಕೆ ನೇರ ಮಾಡಿದರು. ಒಂದು ಪಿನ್‌ಗೆ ಒಂದೇ ಅವಕಾಶ ಎಂದುಕೊಳ್ಳಿ. ಮತ್ತೆ ಮತ್ತೆ ಬಗ್ಗಿಸಿದರೆ ಮುರಿದುಬೀಳುತ್ತದೆ.

ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಚಿಕ್ಕ ತ್ರಿಕೋನದ ಗುರುತು ಇರುತ್ತದೆ. ಸಾಕೆಟ್‌ನಲ್ಲೂ ಅದಕ್ಕೆ ಹೊಂದುವ ಮೂಲೆ ಇದೆ. ಬೀಗ ತೆರೆದೇ ಇದೆ ಎಂದು ಖಚಿತ ಮಾಡಿಕೊಂಡು, ಎರಡು ಗುರುತು ಹೊಂದಿಸಿ, ಬಿಸ್ಮಿಲ್ಲಾ ಎಂದು ನಿಧಾನಕ್ಕೆ ಬಿಡಿ. ತನ್ನ ಭಾರದಿಂದಲೇ ಅದು ಕೆಳಗೆ ಇಳಿಯಬೇಕು.

ಸತ್ತ ಬೋರ್ಡ್ ಮೇಲೆ ಅಭ್ಯಾಸ ಮಾಡುವಾಗ ಮೂರನೇ ಸಲ ಅದು ಇಳಿಯಲಿಲ್ಲ. ನಾನು ಹೆಬ್ಬೆರಳಿನಿಂದ ಒತ್ತಲು ಹೋದೆ. ಮಾಮೂ ಕೈ ಹಿಡಿದರು. "ಜಬರ್‌ದಸ್ತಿ ನಕ್ಕೋ ಬೇಟಾ" ಎಂದರು. ಬಲವಂತ ಬೇಡ ಎಂದರ್ಥ. ಈ ಸಾಕೆಟ್‌ನ ಇಂಗ್ಲಿಷ್ ಹೆಸರಿನ ಅರ್ಥವೇ "ಸೇರಿಸಲು ಸೊನ್ನೆ ಬಲ" ಎಂದಂತೆ. ಇಲ್ಲಿ ಬಲ ಬೇಕಾಯಿತು ಎಂದರೆ ಮೂರರಲ್ಲಿ ಒಂದು ತಪ್ಪಾಗಿದೆ: ಬೀಗ ತೆರೆದಿಲ್ಲ, ಮೂಲೆ ಹೊಂದಿಲ್ಲ, ಅಥವಾ ಪಿನ್ ಬಗ್ಗಿದೆ. ನಿಲ್ಲಿಸಿ, ಎತ್ತಿ, ಹುಡುಕಿ. ನೋಡಿದರೆ ನಾನು ಬೀಗ ತೆರೆಯುವುದನ್ನೇ ಮರೆತಿದ್ದೆ. ಒತ್ತಿದ್ದರೆ ಒಂದು ಸಾಲು ಪಿನ್ ಮಲಗಿಬಿಡುತ್ತಿತ್ತು. ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ತಟ್ಟೆ ನಾಲ್ಕೂ ಕಡೆ ಸಮನಾಗಿ ಕುಳಿತ ಮೇಲೆ, ಶುಭ್ರವಾದ ಬಟ್ಟೆ ಸುತ್ತಿದ ಬೆರಳನ್ನು ನಡುವೆ ಹಗುರವಾಗಿ ಇಟ್ಟುಕೊಂಡು ಬೀಗವನ್ನು ಮುಚ್ಚಿದ ಗುರುತಿನ ಕಡೆಗೆ ತಿರುಗಿಸಿ. ಬೆರಳು ಇಡುವುದು ಬೀಗ ತಿರುಗುವಾಗ ಪ್ರೊಸೆಸರ್ ಮೇಲೇಳದಿರಲಿ ಎಂದು, ಒತ್ತಿ ಕೂರಿಸಲು ಅಲ್ಲ.

ಡೈ ಮತ್ತು ತಾಮ್ರ ಎರಡನ್ನೂ ಮತ್ತೊಮ್ಮೆ ಒರೆಸಿ, ಒಣಗಿದ ಮೇಲೆ ಸಣ್ಣ ಅಕ್ಕಿಕಾಳಿನಷ್ಟು ಪೇಸ್ಟ್ ಡೈ ನಡುವೆ ಇಡಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದೇನಿಲ್ಲ. ಪೇಸ್ಟ್‌ನ ಕೆಲಸ ಎರಡು ಮೇಲ್ಮೈಗಳ ನಡುವಿನ ಕಣ್ಣಿಗೆ ಕಾಣದ ಗಾಳಿಯ ಸಂದು ತುಂಬುವುದು ಮಾತ್ರ. ಹೀಟ್‌ಸಿಂಕ್‌ನ ಬೇರೆ ಕಡೆ ರಬ್ಬರಿನಂಥ ಪ್ಯಾಡ್ ಅಂಟಿಸಿದ್ದರೆ ಅದನ್ನು ಹಾಗೇ ಬಿಡಿ. ಅಲ್ಲಿ ಸಂದು ದಪ್ಪ ಇರುತ್ತದೆ, ಪೇಸ್ಟ್ ಸಾಲದು.

ಇನ್ನು ನಾನು ಕೆಡಿಸಿದ ಹಂತ. ಹೀಟ್‌ಸಿಂಕ್ ನೇರವಾಗಿ ಇಳಿಸಿ. ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಿಂದ ಹಿಡಿಸುವಷ್ಟು ಮಾತ್ರ ತಿರುಗಿಸಿ. ಆಮೇಲೆ ಸಂಖ್ಯೆಯ ಕ್ರಮದಲ್ಲಿ, ಸಂಖ್ಯೆ ಇಲ್ಲದಿದ್ದರೆ ಎದುರುಬದುರು ಮೂಲೆಗಳಂತೆ, ಒಂದೊಂದನ್ನು ಒಂದೊಂದು ಸುತ್ತು. ಹೀಗೆ ನಾಲ್ಕೈದು ಸರದಿಯಲ್ಲಿ ಬಿಗಿಯಾಗಬೇಕು. ಒಂದನ್ನೇ ಪೂರ್ತಿ ಬಿಗಿದರೆ ಹೀಟ್‌ಸಿಂಕ್ ಆ ಕಡೆ ವಾಲಿ, ಇಡೀ ಭಾರ ಡೈನ ಒಂದು ಅಂಚಿಗೆ ಬೀಳುತ್ತದೆ. ಸ್ಕ್ರೂ ತಾನಾಗಿ ನಿಂತಲ್ಲಿ ನಿಲ್ಲಿಸಿ. ಫ್ಯಾನ್ ಕನೆಕ್ಟರ್ ಹಾಕಲು ಮರೆಯಬೇಡಿ.

7. ಮೊದಲ ಸಲ ಆನ್ ಮಾಡುವಾಗ

ಮುಚ್ಚಳ ಹಾಕಿ, ಬ್ಯಾಟರಿ ಹಾಕಿ, ಆನ್ ಮಾಡಿ. ಮೊದಲ ಸಲ ಸ್ಕ್ರೀನ್ ಬರಲು ಸ್ವಲ್ಪ ತಡವಾಗಬಹುದು. ಗಾಬರಿಯಿಂದ ಮತ್ತೆ ಮತ್ತೆ ಬಟನ್ ಒತ್ತಬೇಡಿ. ಡೆಲ್ ಗುರುತು ಕಂಡಾಗ F2 ಒತ್ತಿದರೆ ಬಯೋಸ್ ತೆರೆಯುತ್ತದೆ. ಅಲ್ಲಿ ಹೊಸ ಪ್ರೊಸೆಸರ್‌ನ ಹೆಸರು ಕಾಣಬೇಕು.

ಏನೂ ಬರದಿದ್ದರೆ ಆಫ್ ಮಾಡಿ, ಬ್ಯಾಟರಿ ತೆಗೆದು ಈ ಕ್ರಮದಲ್ಲಿ ನೋಡಿ: RAM ಸರಿಯಾಗಿ ಕುಳಿತಿದೆಯೇ? ಸಾಕೆಟ್ ಬೀಗ ಮುಚ್ಚಿದೆಯೇ? ಪಿನ್ ಬಗ್ಗಿದೆಯೇ? ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದು ಹಾಕಿದರೆ ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಕೊನೆಯದಾಗಿ ಹಳೆಯ ಪ್ರೊಸೆಸರ್ ಮರಳಿ ಹಾಕಿ ನೋಡಿ, ನನ್ನದರಂತೆ ಒಡೆದಿಲ್ಲದಿದ್ದರೆ.

ವಿಂಡೋಸ್ ಬಂದ ಮೇಲೆ ಶಾಖ ತೋರಿಸುವ ಪ್ರೋಗ್ರಾಂ ಹಾಕಿಕೊಂಡು ಅರ್ಧ ಗಂಟೆ ಕೆಲಸ ಕೊಟ್ಟು ನೋಡಬೇಕು. ಐ5-2520Mನ ಗರಿಷ್ಠ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದರ ಹತ್ತಿರ ಹೋಗುತ್ತಿದ್ದರೆ ಹೀಟ್‌ಸಿಂಕ್ ಸರಿಯಾಗಿ ಕುಳಿತಿಲ್ಲ. ನಮ್ಮದು ಟ್ಯಾಲಿ, ಬ್ರೌಸರ್ ಎಲ್ಲ ತೆರೆದಾಗ 68 ಡಿಗ್ರಿ ತೋರಿಸಿತು. ಮಾಮೂ "ಶಾಬಾಶ್" ಎಂದರು. ಪರೀಕ್ಷೆಯಲ್ಲಿ ಅಂಕ ಬಂದಾಗಲೂ ನನಗೆ ಅಷ್ಟು ಖುಷಿಯಾಗಿಲ್ಲ.

8. ಲೆಕ್ಕ

ನಾವು ಕಾಮರ್ಸ್‌ನವರು, ಲೆಕ್ಕ ಬರೆಯದೆ ಮುಗಿಸಬಾರದು. ಹಳೆಯ ಐ5ಗೆ 1,400 ರೂಪಾಯಿ, ಪೇಸ್ಟ್‌ಗೆ 150, ಆಲ್ಕೋಹಾಲ್‌ಗೆ 120. ಒಟ್ಟು 1,670. ಮಾಮೂ ಕೂಲಿ ತೆಗೆದುಕೊಳ್ಳಲಿಲ್ಲ. ಹಾಗೆಂದು ಅದರ ಬೆಲೆ ಸೊನ್ನೆ ಅಲ್ಲ.

ಇದು ಕ್ಯಾಪಿಟಲ್ ಖರ್ಚೋ ರೆವಿನ್ಯೂ ಖರ್ಚೋ ಎಂದು ಆಪಾ ನನ್ನನ್ನೇ ಕೇಳಿದಳು. ಕೆಟ್ಟದ್ದನ್ನು ಮೊದಲಿನಂತೆ ಮಾಡಲು ಆಗುವ ಖರ್ಚು ರಿಪೇರಿ, ಅದು ರೆವಿನ್ಯೂ. ಆಸ್ತಿಯ ಸಾಮರ್ಥ್ಯ ಹೆಚ್ಚಿಸಿ, ಮುಂದೆ ಹಲವು ವರ್ಷ ಲಾಭ ಕೊಡುವ ಖರ್ಚು ಕ್ಯಾಪಿಟಲ್. ಪೇಸ್ಟ್ ಮತ್ತು ಆಲ್ಕೋಹಾಲ್ ರೆವಿನ್ಯೂ ಎಂಬುದರಲ್ಲಿ ಅನುಮಾನವಿಲ್ಲ. ಪ್ರೊಸೆಸರ್ ಐ3ಯಿಂದ ಐ5 ಆಗಿದ್ದರಿಂದ ಕ್ಯಾಪಿಟಲ್ ಎಂದು ನಾನು ವಾದಿಸಿದೆ. ಆಪಾ ನಕ್ಕು, "ಈ ಲ್ಯಾಪ್‌ಟಾಪ್‌ಗೆ ಇನ್ನೆಷ್ಟು ವರ್ಷ ಆಯುಸ್ಸು?" ಎಂದಳು. ಆ ಪ್ರಶ್ನೆ ಸರಿಯಾದದ್ದೇ. ಎರಡನೇ ತಲೆಮಾರಿನ ಪ್ರೊಸೆಸರ್‌ಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಇಂಥ ಹಳೆಯ ಯಂತ್ರಕ್ಕೆ ಸಾವಿರದೈನೂರು ಹಾಕುವುದು ಸರಿ, ಐದು ಸಾವಿರ ಹಾಕುವುದು ತಪ್ಪು. ಆ ದುಡ್ಡನ್ನು ಮುಂದಿನ ಲ್ಯಾಪ್‌ಟಾಪ್‌ಗೆ ಉಳಿಸಬೇಕು.

ಒಡೆದ ಐ3 ಮಾತ್ರ ಅಬ್‌ನಾರ್ಮಲ್ ಲಾಸ್. ಅದನ್ನು ಯಾರ ಖಾತೆಗೆ ಹಾಕಬೇಕು ಎಂಬುದರಲ್ಲಿ ವಾದವೇ ಇರಲಿಲ್ಲ. ಈದಿಗೆ ಸಿಕ್ಕ ಈದಿಯ ದುಡ್ಡಿನಲ್ಲಿ 1,000 ಕೊಟ್ಟಿದ್ದೇನೆ. ಉಳಿದ 670 ರೂಪಾಯಿಗೆ ಪ್ರತಿ ಭಾನುವಾರ ಆಪಾಳ ಬಿಲ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಕೊಡುತ್ತಿದ್ದೇನೆ.

ಒಡೆದ ಪ್ರೊಸೆಸರ್ ಈಗ ನನ್ನ ಕಂಪಾಸ್ ಬಾಕ್ಸ್‌ನಲ್ಲಿದೆ. ನೋಡಬೇಕೆನ್ನುವವರು ಬಂದು ನೋಡಬಹುದು, ಚಕ್ಕೆ ಎದ್ದ ಮೂಲೆ ಬೆಳಕಿಗೆ ಹಿಡಿದರೆ ಕಾಣುತ್ತದೆ. ಇನ್ನೊಬ್ಬರ ವಸ್ತು ನಮ್ಮ ಕೈಯಲ್ಲಿರುವಾಗ ಅದು ಅಮಾನತ್ ಎಂದು ಅಮ್ಮಿ ಚಿಕ್ಕಂದಿನಿಂದ ಹೇಳುತ್ತಿದ್ದರು. ಕೇಳಿ ಬಿಚ್ಚಬೇಕು, ಬಲವಂತ ಮಾಡಬಾರದು, ಕೆಟ್ಟರೆ ನಿಜ ಹೇಳಬೇಕು. ಇಷ್ಟು ಕಲಿಯಲು ನನಗೆ ಒಂದು ಪ್ರೊಸೆಸರ್ ಬೇಕಾಯಿತು. ನಿಮಗೆ ಈ ಲೇಖನ ಸಾಕಾಗಲಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ